ಎಚ್‌ಐವಿ ಇದ್ದವರಲ್ಲಿ ಕ್ಯಾನ್ಸರ್: ನಮ್ಮ ಜಿಲ್ಲೆಯ ಲೆಕ್ಕ ಯಾರು ಇಡಬೇಕು?

ಎಚ್‌ಐವಿ ಎಂದರೆ ಸಾವು ಎಂದು ಜನ ಹೆದರುತ್ತಿದ್ದ ಕಾಲ ಹೋಯಿತು. ದಿನವೂ ತಪ್ಪದೆ ಗುಳಿಗೆ ತೆಗೆದುಕೊಳ್ಳುವವರು ಇಂದು ದುಡಿಯುತ್ತಾರೆ, ಮಕ್ಕಳ ಮದುವೆ ಮಾಡುತ್ತಾರೆ, ಮೊಮ್ಮಕ್ಕಳನ್ನು ಎತ್ತಿ ಆಡಿಸುತ್ತಾರೆ. ಅಲ್ಲಾಹನ ಕೃಪೆಯಿಂದ ಅವರ ಆಯುಷ್ಯ ಬೆಳೆದಿದೆ. ಆಯುಷ್ಯ ಬೆಳೆದ ಹಾಗೆ ಮತ್ತೊಂದು ಕಾಯಿಲೆ ಅವರ ಎದುರಿಗೆ ಬಂದು ನಿಂತಿದೆ. ಅದೇ ಕ್ಯಾನ್ಸರ್. ನಮ್ಮ ಯುನಾನಿ ಗ್ರಂಥಗಳಲ್ಲಿ ಇದರ ಹೆಸರು ‘ಸರತಾನ್’, ಅಂದರೆ ಏಡಿ. ಏಡಿಯ ಕಾಲುಗಳಂತೆ ಸುತ್ತಲೂ ಚಾಚಿ ಹಿಡಿಯುವುದರಿಂದ ಈ ಹೆಸರು ಬಂತು. ಸರತಾನ್ ಚಿಕ್ಕದಿರುವಾಗಲೇ ಕತ್ತರಿಸಿ ತೆಗೆಯಬೇಕು, ಬಲಿತ ಮೇಲೆ ಕಷ್ಟ ಎಂದು ಇಬ್ನ್ ಸೀನಾ ಸಾವಿರ ವರ್ಷಗಳ ಹಿಂದೆಯೇ ಹೇಳಿದ್ದರು.

ಎಚ್‌ಐವಿ ಇದ್ದವರಿಗೆ ಕೆಲವು ಕ್ಯಾನ್ಸರ್‌ಗಳು ಏಕೆ ಬೇಗ ಬರುತ್ತವೆ, ನಮ್ಮ ಬಾಗಲಕೋಟೆ ಜಿಲ್ಲೆಯಲ್ಲಿ ಇದರ ಅಧ್ಯಯನ ನಡೆಯಲು ಏನೇನು ಬೇಕು, ನಮ್ಮ ಕುಟುಂಬಗಳು ಏನು ಮಾಡಬಹುದು ಎಂಬುದನ್ನು ಈ ತಿಂಗಳು ತಿಳಿಯೋಣ.

ಬಾಗಲಕೋಟೆಗೆ ಈ ಮಾತು ಏಕೆ?

2003ರಲ್ಲಿ ಭಾರತ-ಕೆನಡಾ ಸಹಯೋಗದ ಎಚ್‌ಐವಿ ಯೋಜನೆಯವರು ಬಾಗಲಕೋಟೆ ಜಿಲ್ಲೆಯಲ್ಲಿ ಸಾಮಾನ್ಯ ಜನರ ರಕ್ತ ಪರೀಕ್ಷಿಸಿ ಒಂದು ಸಮೀಕ್ಷೆ ಮಾಡಿದರು. ವಯಸ್ಕರಲ್ಲಿ ನೂರಕ್ಕೆ 2.9 ಮಂದಿಯಲ್ಲಿ ಸೋಂಕು ಕಂಡುಬಂತು. ಆ ವೇಳೆಗೆ ಇಡೀ ದೇಶದ ಪ್ರಮಾಣ ನೂರಕ್ಕೆ ಒಂದಕ್ಕಿಂತಲೂ ಕಡಿಮೆ ಇತ್ತು. ಎಚ್‌ಐವಿ ದೊಡ್ಡ ಊರಿನ ರೋಗ ಎಂದು ತಿಳಿದಿದ್ದವರಿಗೆ, ಪಟ್ಟಣಗಳಿಗಿಂತ ಹಳ್ಳಿಗಳಲ್ಲೇ ಅದು ಹೆಚ್ಚು ಎಂದೂ ಆ ಸಮೀಕ್ಷೆ ತೋರಿಸಿಕೊಟ್ಟಿತು.

2004ರ ಏಪ್ರಿಲ್ 1ರಿಂದ ಸರ್ಕಾರ ಎ.ಆರ್.ಟಿ. ಗುಳಿಗೆಗಳನ್ನು ಉಚಿತವಾಗಿ ಕೊಡಲು ಆರಂಭಿಸಿತು. 2017ರಿಂದ ಸೋಂಕು ಗೊತ್ತಾದ ಎಲ್ಲರಿಗೂ, ರಕ್ತದಲ್ಲಿ ಸಿಡಿ4 ಎಷ್ಟೇ ಇರಲಿ, ಔಷಧ ಕೊಡಲಾಗುತ್ತಿದೆ. ಹೊಸ ಸೋಂಕು ಬಹಳ ಇಳಿದಿದೆ. ಆದರೆ 2003ರಲ್ಲಿ ಇಪ್ಪತ್ತೈದರ ಹರೆಯದಲ್ಲಿದ್ದು ಸೋಂಕು ತಗುಲಿಸಿಕೊಂಡವರು ಈಗ ಐವತ್ತರ ಹತ್ತಿರ ಇದ್ದಾರೆ. ಕ್ಯಾನ್ಸರ್ ಹೆಚ್ಚಾಗಿ ಕಾಣಿಸುವುದೂ ಇದೇ ವಯಸ್ಸಿನಲ್ಲಿ. ಹುನಗುಂದ, ಬಾದಾಮಿ, ಇಳಕಲ್ ಕಡೆಯಿಂದ ಗೋವಾ, ಮಂಗಳೂರು, ಮಹಾರಾಷ್ಟ್ರಕ್ಕೆ ಗುಳೇ ಹೋಗಿ ಬಂದ ಗಂಡಸರಿಂದ ಎಷ್ಟೋ ಮನೆಗಳ ಹೆಣ್ಣುಮಕ್ಕಳಿಗೆ ಸೋಂಕು ಬಂದಿದೆ. ಗಂಡನ ಮನೆಯ ಹೊಸ್ತಿಲು ದಾಟದ ಹೆಣ್ಣುಮಗಳಿಗೂ ಹೀಗೆ ಸೋಂಕು ಬಂದಿರಬಹುದು. ಆದ್ದರಿಂದ ಎಚ್‌ಐವಿಯನ್ನು ಯಾರದೇ ನಡತೆಯ ಸರ್ಟಿಫಿಕೇಟ್ ಎಂದು ನೋಡಬಾರದು.

ಎಚ್‌ಐವಿಗೂ ಕ್ಯಾನ್ಸರ್‌ಗೂ ಏನು ಸಂಬಂಧ?

ಎಚ್‌ಐವಿ ತಾನೇ ನೇರವಾಗಿ ಗಡ್ಡೆ ಬೆಳೆಸುವುದಿಲ್ಲ. ಅದು ದೇಹದ ಕಾವಲುಗಾರರನ್ನು ದುರ್ಬಲ ಮಾಡುತ್ತದೆ. ಕಾವಲು ಸಡಿಲಾದಾಗ ಬೇರೆ ವೈರಸ್‌ಗಳು ಒಳಗೆ ಬೇರು ಬಿಡುತ್ತವೆ. ಇವುಗಳಲ್ಲಿ ಮುಖ್ಯವಾದವು ನಾಲ್ಕು.

ಒಂದು, ಎಚ್‌ಪಿವಿ. ಗರ್ಭಕೋಶದ ಬಾಯಿ, ಅಂದರೆ ಗರ್ಭಕಂಠದ ಕ್ಯಾನ್ಸರ್‌ಗೆ ಇದೇ ಕಾರಣ. ಇದನ್ನು ತೋರಿಸಿಕೊಟ್ಟ ಜರ್ಮನಿಯ ಹರಾಲ್ಡ್ ಟ್ಸುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಮದುವೆಯಾದ ಹೆಚ್ಚಿನ ಗಂಡು-ಹೆಣ್ಣುಗಳಿಗೆ ಬದುಕಿನಲ್ಲಿ ಒಮ್ಮೆಯಾದರೂ ಈ ವೈರಸ್ ಸೋಕುತ್ತದೆ. ಕಾವಲು ಗಟ್ಟಿ ಇದ್ದವರಲ್ಲಿ ಒಂದೆರಡು ವರ್ಷದಲ್ಲಿ ತಾನಾಗಿ ಹೋಗುತ್ತದೆ. ಎಚ್‌ಐವಿ ಇದ್ದ ಹೆಣ್ಣುಮಕ್ಕಳಲ್ಲಿ ಅದು ಉಳಿದುಬಿಡುವ ಸಾಧ್ಯತೆ ಹೆಚ್ಚು. ಹೀಗಾಗಿ ಅವರಿಗೆ ಗರ್ಭಕಂಠದ ಕ್ಯಾನ್ಸರ್ ಬರುವ ಅಪಾಯ ಇತರರಿಗಿಂತ ಆರು ಪಟ್ಟು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಎರಡು, ಎಪ್‌ಸ್ಟೀನ್-ಬಾರ್ ವೈರಸ್. ಇದು ಲಿಂಫೋಮಾ ಎಂಬ ದುಗ್ಧಗ್ರಂಥಿಗಳ ಕ್ಯಾನ್ಸರ್‌ಗೆ ದಾರಿ ಮಾಡುತ್ತದೆ. ಮೂರು, ಹೆಪಟೈಟಿಸ್ ಬಿ ಮತ್ತು ಸಿ. ಇವು ಯಕೃತ್ತಿನ ಕ್ಯಾನ್ಸರ್ ತರುತ್ತವೆ. ನಾಲ್ಕು, ಕಪೋಸಿ ಸಾರ್ಕೋಮಾ ಎಂಬ ಚರ್ಮದ ಗಡ್ಡೆಗೆ ಕಾರಣವಾದ ವೈರಸ್. 1981ರಲ್ಲಿ ಅಮೆರಿಕದಲ್ಲಿ ಏಡ್ಸ್ ಮೊದಲು ಗಮನಕ್ಕೆ ಬಂದಾಗ ಕಂಡ ಲಕ್ಷಣಗಳಲ್ಲಿ ಈ ಗಡ್ಡೆಯೂ ಒಂದು. ನಮ್ಮ ಕಡೆ ಇವಕ್ಕೆ ಗುಟ್ಕಾ, ಮಾವಾ, ಬೀಡಿಯೂ ಸೇರಿಕೊಂಡು ಬಾಯಿ ಮತ್ತು ಗಂಟಲಿನ ಕ್ಯಾನ್ಸರ್ ಅನ್ನು ಹೆಚ್ಚಿಸುತ್ತವೆ.

ಸಮಾಧಾನದ ಮಾತೂ ಇದೆ. ಎ.ಆರ್.ಟಿ. ಗುಳಿಗೆಯನ್ನು ತಡಮಾಡದೆ ಆರಂಭಿಸಿದವರಲ್ಲಿ ಸೋಂಕಿನಿಂದ ಹುಟ್ಟುವ ಕ್ಯಾನ್ಸರ್‌ಗಳು ಸುಮಾರು ನಾಲ್ಕರಲ್ಲಿ ಮೂರು ಪಾಲು ಕಡಿಮೆಯಾದವು ಎಂದು ಹಲವು ದೇಶಗಳಲ್ಲಿ ನಡೆದು 2015ರಲ್ಲಿ ಪ್ರಕಟವಾದ ‘ಸ್ಟಾರ್ಟ್’ ಎಂಬ ಅಧ್ಯಯನ ತೋರಿಸಿತು. ದಿನದ ಗುಳಿಗೆಯೇ ಕ್ಯಾನ್ಸರ್‌ನ ಮೊದಲ ತಡೆ.

ಬೇರೆ ದೇಶದ ಸಂಶೋಧನೆ ಸಾಲದೇ?

ಸಾಲದು. ಒಂದು ಉದಾಹರಣೆ ನೋಡಿ. ಆಫ್ರಿಕದಲ್ಲಿ ಎಚ್‌ಐವಿ ಇದ್ದವರನ್ನು ಹೆಚ್ಚು ಕಾಡುವ ಕಪೋಸಿ ಸಾರ್ಕೋಮಾ ಭಾರತದಲ್ಲಿ ಅಪರೂಪ. ಇಲ್ಲಿ ಗರ್ಭಕಂಠದ ಕ್ಯಾನ್ಸರ್ ಮತ್ತು ಲಿಂಫೋಮಾಗಳೇ ಮುಂದೆ ನಿಲ್ಲುತ್ತವೆ. ಆಫ್ರಿಕದ ಪಟ್ಟಿ ಹಿಡಿದು ನಮ್ಮಲ್ಲಿ ತಪಾಸಣೆ ಮಾಡಿದರೆ ಹುಡುಕಬೇಕಾದ್ದು ಬಿಟ್ಟುಹೋಗುತ್ತದೆ.

ಈ ಮಾತು ನಮ್ಮ ಹಕೀಮರಿಗೆ ಹೊಸದಲ್ಲ. ಔಷಧದ ಗುಣ ತಿಳಿಯಬೇಕಾದರೆ ಅದನ್ನು ಮನುಷ್ಯರ ಮೇಲೆಯೇ ಪರೀಕ್ಷಿಸಬೇಕು, ಪ್ರಾಣಿಗೆ ಒಗ್ಗಿದ್ದು ಮನುಷ್ಯನಿಗೆ ಒಗ್ಗಬೇಕೆಂದಿಲ್ಲ ಎಂದು ಇಬ್ನ್ ಸೀನಾ ನಿಯಮ ಹಾಕಿಕೊಟ್ಟರು. ಅವರಿಗೂ ಮೊದಲು ಅರ್‌ರಾಝಿ ಅವರು ಸಿರ್‌ಸಾಮ್ ಎಂಬ ಮಿದುಳಿನ ಪೊರೆಯ ಉರಿಯೂತದಲ್ಲಿ ರಕ್ತ ತೆಗೆಯುವ ಚಿಕಿತ್ಸೆಯನ್ನು ಒಂದು ಗುಂಪಿಗೆ ಮಾಡಿ, ಇನ್ನೊಂದು ಗುಂಪಿಗೆ ಮಾಡದೆ, ಎರಡನ್ನೂ ಹೋಲಿಸಿ ನೋಡಿದ್ದರು. ಹೋಲಿಸಿ ನೋಡುವುದು, ಬರೆದಿಡುವುದು, ಮುಂದಿನವರಿಗೆ ಹೇಳುವುದು, ಇದೇ ಸಂಶೋಧನೆ.

ನಮ್ಮಲ್ಲಿ ಏನು ಕೊರತೆ?

ಇಳಕಲ್ಲಿನ ಒಬ್ಬ ಹೆಣ್ಣುಮಗಳನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳೋಣ. ಆಕೆಯ ಎಚ್‌ಐವಿ ಚೀಟಿ ಎ.ಆರ್.ಟಿ. ಕೇಂದ್ರದಲ್ಲಿದೆ. ಬಿಳಿ ಮುಟ್ಟು ಹೋಗುತ್ತಿದೆ ಎಂದು ಹತ್ತಿರದ ದವಾಖಾನೆಯಲ್ಲಿ ಔಷಧ ತೆಗೆದುಕೊಂಡಳು. ಅದರ ದಾಖಲೆ ಎಲ್ಲೂ ಇಲ್ಲ. ರಕ್ತ ಕಾಣಿಸಿಕೊಂಡ ಮೇಲೆ ಯಾರೋ ಹೇಳಿದರೆಂದು ಹುಬ್ಬಳ್ಳಿ, ಸೊಲ್ಲಾಪುರ ಅಥವಾ ಬೆಂಗಳೂರಿನ ಆಸ್ಪತ್ರೆಗೆ ಹೋದಳು. ಕ್ಯಾನ್ಸರ್ ಎಂಬ ಫೈಲು ಅಲ್ಲಿ ಉಳಿಯಿತು. ಅಲ್ಲಿ ಎಚ್‌ಐವಿ ವಿಷಯವನ್ನು ಹೆದರಿ ಹೇಳಲಿಲ್ಲ. ಆಕೆ ತೀರಿಕೊಂಡರೆ ಎ.ಆರ್.ಟಿ. ಕೇಂದ್ರದ ಪುಸ್ತಕದಲ್ಲಿ ಸಾವು ಎಂದು ಬರೆಯುತ್ತಾರೆ, ಕಾರಣ ಬರೆಯುವಂತಿಲ್ಲ. ಮೂರು ಕಡೆಯ ಮೂರು ಚೀಟಿಗಳು ಒಂದೆಡೆ ಸೇರುವುದೇ ಇಲ್ಲ. ಹೀಗೆ ಎಷ್ಟು ಜನ ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಲೆಕ್ಕವೇ ಇಲ್ಲದ ರೋಗಕ್ಕೆ ಸರ್ಕಾರ ಹಣ, ಯಂತ್ರ, ವೈದ್ಯರನ್ನು ಕೊಡುವುದಾದರೂ ಹೇಗೆ?

ಜನಸಂಖ್ಯೆಯ ಆಧಾರದ ಮೇಲೆ ಕ್ಯಾನ್ಸರ್ ಲೆಕ್ಕ ಇಡುವ ಕೆಲಸ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ 1982ರಿಂದ ನಡೆದಿದೆ. ಆದರೆ ಬೆಂಗಳೂರಿನ ಲೆಕ್ಕದಿಂದ ಹುನಗುಂದದ ಹಳ್ಳಿಯ ಸ್ಥಿತಿ ತಿಳಿಯದು.

ಇನ್ನೊಂದು ಕೊರತೆ ಗಂಟುಗಳ ವಿಷಯದಲ್ಲಿ. ಕೊರಳಲ್ಲಿ ಗಂಟು ಬಂದರೆ ನಮ್ಮಲ್ಲಿ ಖನಾಝೀರ್ ಎನ್ನುತ್ತೇವೆ, ಆಧುನಿಕ ವೈದ್ಯರು ಟಿಬಿ ಎನ್ನುತ್ತಾರೆ. ಎಚ್‌ಐವಿ ಇದ್ದವರಲ್ಲಿ ಟಿಬಿ ಬಹಳ ಸಾಮಾನ್ಯವಾದ್ದರಿಂದ ಅದು ಸರಿಯೂ ಇರಬಹುದು. ಆದರೆ ಲಿಂಫೋಮಾ ಕೂಡ ಹಾಗೆಯೇ ಕಾಣುತ್ತದೆ: ಗಂಟು, ಜ್ವರ, ರಾತ್ರಿ ಬೆವರು, ತೂಕ ಇಳಿತ. ಗಂಟಿನ ಒಂದು ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡದೆ ಎರಡನ್ನೂ ಬೇರ್ಪಡಿಸಲು ಆಗುವುದಿಲ್ಲ. ಆ ಸೌಲಭ್ಯ ದೂರವಿರುವ ಊರುಗಳಲ್ಲಿ ತಿಂಗಳುಗಟ್ಟಲೆ ಟಿಬಿ ಗುಳಿಗೆ ನುಂಗಿದ ಮೇಲೆ ಕ್ಯಾನ್ಸರ್ ಎಂದು ಗೊತ್ತಾಗುತ್ತದೆ.

ಬಡ ಊರುಗಳಲ್ಲಿ ಇದು ಸಾಧ್ಯವೇ?

ಸಾಧ್ಯ. ದೂರದಿಂದ ಒಂದು ಉದಾಹರಣೆ, ಹತ್ತಿರದಿಂದ ಮೂರು.

ಉಗಾಂಡದ ಕಂಪಾಲಾದಲ್ಲಿ 1967ರಲ್ಲಿ ಕ್ಯಾನ್ಸರ್ ಸಂಸ್ಥೆ ಆರಂಭವಾಯಿತು. ದೇಶದ ಗಲಭೆಗಳಲ್ಲಿ ಅದು ಸೊರಗಿತು. 2004ರ ವೇಳೆಗೆ ಇಡೀ ದೇಶಕ್ಕೆ ಒಬ್ಬರೇ ಕ್ಯಾನ್ಸರ್ ತಜ್ಞರಿದ್ದರು, ಡಾ. ಜ್ಯಾಕ್ಸನ್ ಓರೆಮ್. ಅಮೆರಿಕದ ಫ್ರೆಡ್ ಹಚಿನ್ಸನ್ ಕೇಂದ್ರದ ಜೊತೆ ಸೇರಿ ಅಲ್ಲಿನವರೇ ವೈದ್ಯರು, ದಾದಿಯರು, ಪ್ರಯೋಗಾಲಯದವರನ್ನು ತರಬೇತು ಮಾಡಿದರು. ಕಂಪಾಲಾದ ಕ್ಯಾನ್ಸರ್ ದಾಖಲೆ ಪುಸ್ತಕವನ್ನು ಎಚ್‌ಐವಿ ಸೇವಾ ಸಂಸ್ಥೆಯ ಪಟ್ಟಿಯೊಂದಿಗೆ ಹೋಲಿಸಿ ನೋಡಿ, ಎಚ್‌ಐವಿ ಇದ್ದವರಿಗೆ ಯಾವ ಕ್ಯಾನ್ಸರ್ ಎಷ್ಟು ಹೆಚ್ಚು ಎಂದು 2006ರಲ್ಲಿ ಪ್ರಕಟಿಸಿದರು. ಎರಡು ಪುಸ್ತಕಗಳನ್ನು ಎದುರುಬದುರು ಇಟ್ಟು ನೋಡಿದ್ದೇ ಆ ದೊಡ್ಡ ಕೆಲಸದ ತಿರುಳು.

ಇನ್ನು ಹತ್ತಿರದವು. ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿ 1987ರಲ್ಲಿ ದೇಶದ ಮೊದಲ ಗ್ರಾಮೀಣ ಕ್ಯಾನ್ಸರ್ ದಾಖಲಾತಿ ಆರಂಭವಾಯಿತು. ಹಳ್ಳಿಯ ರೋಗಿಗಳು ಆಸ್ಪತ್ರೆಗೇ ಬರುತ್ತಿರಲಿಲ್ಲ. ಆದ್ದರಿಂದ ತರಬೇತಿ ಪಡೆದವರು ಹಳ್ಳಿಹಳ್ಳಿಗೆ ಹೋಗಿ, ಊರಿನ ಹಿರಿಯರೊಂದಿಗೆ ಮಾತಾಡಿ, ಗಡ್ಡೆ, ರಕ್ತಸ್ರಾವ ಇದ್ದವರನ್ನು ಪತ್ತೆ ಮಾಡಿ ಕರೆತಂದರು. ಇದೇ ಅಡಿಪಾಯದ ಮೇಲೆ ಪಕ್ಕದ ಉಸ್ಮಾನಾಬಾದ್ (ಈಗಿನ ಧಾರಾಶಿವ್) ಜಿಲ್ಲೆಯಲ್ಲಿ 1999ರಿಂದ ಮುಂಬೈನ ಟಾಟಾ ಸ್ಮಾರಕ ಕೇಂದ್ರದವರು 1,31,746 ಹೆಣ್ಣುಮಕ್ಕಳ ಅಧ್ಯಯನ ಮಾಡಿದರು. ಒಂದೇ ಒಂದು ಸಲ ಎಚ್‌ಪಿವಿ ಪರೀಕ್ಷೆ ಮಾಡಿದ ಹಳ್ಳಿಗಳಲ್ಲಿ ಗರ್ಭಕಂಠದ ಕ್ಯಾನ್ಸರ್ ಸಾವು, ಪರೀಕ್ಷೆ ಮಾಡದ ಹಳ್ಳಿಗಳಿಗಿಂತ ಅರ್ಧದಷ್ಟು ಇತ್ತು ಎಂದು 2009ರಲ್ಲಿ ವರದಿಯಾಯಿತು. ಜೋಳ ಬೆಳೆಯುವ, ಬರ ಕಂಡ, ನಮ್ಮಂಥದೇ ಜಿಲ್ಲೆಯ ಹೆಂಗಸರು ಜಗತ್ತಿಗೆ ಪಾಠ ಕಲಿಸಿದರು.

ಪುಣೆಯಲ್ಲಿ ‘ಪ್ರಯಾಸ್’ ಸಂಸ್ಥೆಯವರು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಜೊತೆ ಸೇರಿ ಎಚ್‌ಐವಿ ಇದ್ದ ಸಾವಿರಕ್ಕೂ ಹೆಚ್ಚು ಹೆಣ್ಣುಮಕ್ಕಳ ಗರ್ಭಕಂಠ ತಪಾಸಣೆ ಮಾಡಿ, ಅವರಿಗೆ ಯಾವ ಪರೀಕ್ಷೆ ಹೊಂದುತ್ತದೆ ಎಂದು ನೋಡಿದರು.

ಮೂರನೆಯದು ನಮ್ಮ ಬೆಳಗಾವಿ. ಅದು ಕ್ಯಾನ್ಸರ್ ಅಧ್ಯಯನವಲ್ಲ, ಬಾಣಂತಿಯರದು. ಅಲ್ಲಿನ ಜೆ.ಎನ್. ವೈದ್ಯಕೀಯ ಕಾಲೇಜಿನವರು 1,620 ಗರ್ಭಿಣಿಯರ ಒಪ್ಪಿಗೆ ಪಡೆದು, ಹೆರಿಗೆಯ ನಂತರದ ರಕ್ತಸ್ರಾವಕ್ಕೆ ಮಿಸೊಪ್ರೊಸ್ಟಾಲ್ ಗುಳಿಗೆಯನ್ನು ಪರೀಕ್ಷಿಸಿದರು. ಗುಳಿಗೆ ಕೊಟ್ಟವರು, ರಕ್ತದ ಅಳತೆ ಬರೆದಿಟ್ಟವರು ಹಳ್ಳಿಯ ಎ.ಎನ್.ಎಂ. ಅಕ್ಕಂದಿರು. ರಕ್ತಸ್ರಾವ ನೂರಕ್ಕೆ 12ರಿಂದ 6.4ಕ್ಕೆ ಇಳಿಯಿತು. 2006ರಲ್ಲಿ ಅದು ಜಗತ್ತಿನ ಹೆಸರಾಂತ ವೈದ್ಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಉತ್ತರ ಕರ್ನಾಟಕದ ಹಳ್ಳಿಯಲ್ಲಿ ಸಂಶೋಧನೆ ಆಗುವುದಿಲ್ಲ ಎನ್ನುವವರಿಗೆ ಇದು ಉತ್ತರ.

ಬಾಗಲಕೋಟೆಗೆ ಬೇಕಾದ ಐದು ಸಂಗತಿಗಳು

1. ತಪಾಸಣೆ ಮಾಡುವ ಕೈ: ಎ.ಆರ್.ಟಿ. ಕೇಂದ್ರಕ್ಕೆ ಗುಳಿಗೆಗಾಗಿ ಬರುವ ದಿನವೇ, ಅಲ್ಲಿಯೇ, ಒಬ್ಬ ತರಬೇತಿ ಪಡೆದ ದಾದಿಯಿಂದ ಗರ್ಭಕಂಠ ತಪಾಸಣೆ. ಇನ್ನೊಂದು ದಿನ ಬಾ ಎಂದರೆ ಕೂಲಿ ಬಿಟ್ಟು ಬರುವವರು ಬರುವುದಿಲ್ಲ.

2. ನೋಡುವ ಕಣ್ಣು: ಗಂಟು, ಹುಣ್ಣುಗಳ ಚೂರನ್ನು ಪರೀಕ್ಷಿಸುವ ರೋಗಶಾಸ್ತ್ರಜ್ಞರು. ಬಾಗಲಕೋಟೆಯಲ್ಲಿ ವೈದ್ಯಕೀಯ ಕಾಲೇಜು ಇದೆ. ತಾಲ್ಲೂಕು ಆಸ್ಪತ್ರೆಗಳಿಂದ ಚೂರು ಅಲ್ಲಿಗೆ ತಲುಪುವ, ವರದಿ ಬೇಗ ಮರಳುವ ವ್ಯವಸ್ಥೆ ಬೇಕು.

3. ಬರೆದಿಡುವ ಪುಸ್ತಕ: ಬಾರ್ಶಿಯಂಥ ಜಿಲ್ಲಾ ಕ್ಯಾನ್ಸರ್ ದಾಖಲಾತಿ. ಹೊರಗಿನ ಆಸ್ಪತ್ರೆಗಳಲ್ಲಿ ಪತ್ತೆಯಾದ ನಮ್ಮ ಜಿಲ್ಲೆಯವರೂ ಅದರಲ್ಲಿ ಸೇರಬೇಕು.

4. ಗುಟ್ಟು ಕಾಯುವ ಬೀಗ: ಹೆಸರಿನ ಬದಲು ಸಂಖ್ಯೆಯಿಂದ ಎರಡು ದಾಖಲೆಗಳನ್ನು ಹೋಲಿಸುವ ಕ್ರಮ. ಗುಟ್ಟು ಹೊರಬಿದ್ದರೆ ಮರುದಿನದಿಂದ ಯಾರೂ ಬರುವುದಿಲ್ಲ, ಅಲ್ಲಿಗೆ ಸಂಶೋಧನೆಯೂ ಮುಗಿಯುತ್ತದೆ.

5. ಚಿಕಿತ್ಸೆಯ ದಾರಿ: ರೋಗ ಸಿಕ್ಕ ಮೇಲೆ ಎಲ್ಲಿಗೆ ಕಳಿಸಬೇಕು ಎಂಬುದು ಮೊದಲೇ ಗೊತ್ತಿರಬೇಕು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಗಳಿಗೆ ಕ್ಯಾನ್ಸರ್ ಚಿಕಿತ್ಸೆಯ ನೆರವಿದೆ. ಪತ್ತೆ ಮಾಡಿ ಚಿಕಿತ್ಸೆ ಕೊಡದಿದ್ದರೆ ಅದು ಅನ್ಯಾಯ.

‘ನಮ್ಮ ಮೇಲೆ ಪ್ರಯೋಗ ಮಾಡುತ್ತಾರೆ’ ಎಂಬ ಹೆದರಿಕೆ

ಸಂಶೋಧನೆ ಎಂದರೆ ನಮ್ಮ ಹೆಣ್ಣುಮಕ್ಕಳಿಗೆ, ಹಿರಿಯರಿಗೆ ಅನುಮಾನ. ಆ ಅನುಮಾನ ಪೂರ್ತಿ ತಪ್ಪಲ್ಲ. ಉಸ್ಮಾನಾಬಾದ್ ಅಧ್ಯಯನದಲ್ಲೇ, ಹೋಲಿಕೆಗಾಗಿ ಪರೀಕ್ಷೆ ಮಾಡದೆ ಬಿಟ್ಟ ಹಳ್ಳಿಗಳ ಹೆಂಗಸರಿಗೆ ನ್ಯಾಯವಾಯಿತೇ ಎಂಬ ಗಂಭೀರ ಪ್ರಶ್ನೆ ನಂತರ ಎದ್ದಿತು. ಪರೀಕ್ಷೆಯಿಂದ ಜೀವ ಉಳಿಯುತ್ತದೆ ಎಂದು ಗೊತ್ತಾದ ಮೇಲೆ ಇಂದು ಯಾರನ್ನೂ ಹಾಗೆ ಬಿಡಬೇಕಾಗಿಲ್ಲ, ಬಿಡಲೂಬಾರದು. ನಮ್ಮ ಜಿಲ್ಲೆಗೆ ಈಗ ಬೇಕಾಗಿರುವುದು ಎಲ್ಲರಿಗೂ ತಪಾಸಣೆ ಕೊಟ್ಟು, ಅದರ ಫಲವನ್ನು ಬರೆದಿಡುವ ಅಧ್ಯಯನ.

ಕಾನೂನೂ ನಿಮ್ಮ ಬೆನ್ನಿಗಿದೆ. 2017ರಲ್ಲಿ ಅಂಗೀಕಾರವಾಗಿ 2018ರ ಸೆಪ್ಟೆಂಬರ್ 10ರಿಂದ ಜಾರಿಗೆ ಬಂದ ಎಚ್‌ಐವಿ ಮತ್ತು ಏಡ್ಸ್ (ತಡೆ ಮತ್ತು ನಿಯಂತ್ರಣ) ಕಾಯಿದೆಯ ಪ್ರಕಾರ, ತಿಳಿದು ಕೊಟ್ಟ ಒಪ್ಪಿಗೆ ಇಲ್ಲದೆ ಎಚ್‌ಐವಿ ಇದ್ದವರನ್ನು ಯಾವ ಸಂಶೋಧನೆಗೂ ಒಳಪಡಿಸುವಂತಿಲ್ಲ. ಅವರ ಮಾಹಿತಿಯನ್ನು ಗುಟ್ಟಾಗಿ ಇಡಬೇಕು. ಚಿಕಿತ್ಸೆ, ಕೆಲಸ, ಶಾಲೆ, ಬಾಡಿಗೆ ಮನೆಗಳಲ್ಲಿ ಭೇದ ಮಾಡುವಂತಿಲ್ಲ.

ಸಂಶೋಧನೆಗೆ ಸಹಿ ಹಾಕುವ ಮೊದಲು ಈ ಪ್ರಶ್ನೆಗಳನ್ನು ಕೇಳಿ: ಇದು ಯಾತಕ್ಕಾಗಿ? ನನಗೆ ನೋವು ಅಥವಾ ಅಪಾಯ ಏನಿದೆ? ಒಲ್ಲೆ ಎಂದರೆ ನನ್ನ ಎ.ಆರ್.ಟಿ. ಗುಳಿಗೆ ನಿಲ್ಲುತ್ತದೆಯೇ? (ನಿಲ್ಲಬಾರದು.) ರೋಗ ಸಿಕ್ಕರೆ ಚಿಕಿತ್ಸೆ ಯಾರು ಕೊಡಿಸುತ್ತಾರೆ? ನೈತಿಕ ಸಮಿತಿಯ ಒಪ್ಪಿಗೆ ಇದೆಯೇ? ಕನ್ನಡದಲ್ಲೋ ಉರ್ದುವಿನಲ್ಲೋ ಓದಿ ಹೇಳಿಸಿಕೊಳ್ಳಿ. ಮನೆಗೆ ಹೋಗಿ ಯೋಚಿಸಿ ಬರುತ್ತೇನೆ ಎನ್ನುವ ಹಕ್ಕು ನಿಮಗಿದೆ. ಎಲ್ಲ ಉತ್ತರ ಸರಿಯಿದ್ದರೆ ಹಿಂಜರಿಯಬೇಡಿ. ನಿಮ್ಮ ಒಂದು ಸಹಿಯಿಂದ ಇನ್ನೊಬ್ಬ ತಾಯಿಯ ಜೀವ ಉಳಿಯಬಹುದು. ಒಂದು ಜೀವ ಉಳಿಸುವುದು ಎಷ್ಟು ದೊಡ್ಡ ಪುಣ್ಯ ಎಂದು ನಮ್ಮ ದೀನ್ ಕಲಿಸಿದೆ.

ತಪಾಸಣೆ ಹೇಗೆ? ಯಾರಿಗೆ?

ಎಚ್‌ಐವಿ ಇದ್ದ ಹೆಣ್ಣುಮಕ್ಕಳು 25ನೇ ವಯಸ್ಸಿನಿಂದ, ಪ್ರತಿ 3ರಿಂದ 5 ವರ್ಷಕ್ಕೊಮ್ಮೆ ಗರ್ಭಕಂಠ ತಪಾಸಣೆ ಮಾಡಿಸಿಕೊಳ್ಳಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2021ರ ಸಲಹೆ. ಎಚ್‌ಐವಿ ಇಲ್ಲದವರು 30ರಿಂದ ಆರಂಭಿಸಬೇಕು.

ಪರೀಕ್ಷೆಯಲ್ಲಿ ಎರಡು ಬಗೆ. ಒಂದರಲ್ಲಿ ಗರ್ಭಕೋಶದ ಬಾಯಿಗೆ ತೆಳುವಾದ ವಿನೆಗರ್‌ನಂಥ ದ್ರಾವಣ ಹಚ್ಚಿ ನೋಡುತ್ತಾರೆ. ಕೆಟ್ಟ ಜಾಗ ಬೆಳ್ಳಗಾಗುತ್ತದೆ. ಕೆಲವು ನಿಮಿಷದ ಕೆಲಸ, ಕತ್ತರಿ ಚಾಕು ಇಲ್ಲ. ಇನ್ನೊಂದು ಎಚ್‌ಪಿವಿ ಪರೀಕ್ಷೆ. ಇದು ಹೆಚ್ಚು ನಿಖರ. ಇದಕ್ಕೆ ಬೇಕಾದ ಮಾದರಿಯನ್ನು ಮೃದುವಾದ ಕುಂಚದಿಂದ ಹೆಣ್ಣುಮಗಳು ತಾನೇ, ಪರದೆಯ ಹಿಂದೆ, ತೆಗೆದುಕೊಡಬಹುದು. ನಾಚಿಕೆಯಿಂದ ತಪಾಸಣೆಗೆ ಬಾರದ ನಮ್ಮ ಮನೆಗಳ ಹೆಂಗಸರಿಗೆ ಇದು ದೊಡ್ಡ ಅನುಕೂಲ. ನಮ್ಮ ಜಿಲ್ಲೆಯ ಎ.ಆರ್.ಟಿ. ಕೇಂದ್ರಗಳಿಗೆ ಈ ಪರೀಕ್ಷೆ ಬೇಕು ಎಂದು ಕೇಳಬೇಕಾದವರು ನಾವೇ. ಕ್ಯಾನ್ಸರ್ ಆಗುವ ಮೊದಲಿನ ಹಂತದಲ್ಲಿ ಸಿಕ್ಕರೆ ಆ ಜಾಗವನ್ನು ಬಿಸಿಯಿಂದಲೋ ತಂಪಿನಿಂದಲೋ ನಾಶಮಾಡುತ್ತಾರೆ, ಸಾಮಾನ್ಯವಾಗಿ ಅದೇ ದಿನ ಮನೆಗೆ ಬರಬಹುದು. ಮುಟ್ಟಿನ ದಿನಗಳನ್ನು ಬಿಟ್ಟು ಹೋಗಿ. ಮಹಿಳಾ ವೈದ್ಯರು ಅಥವಾ ದಾದಿಯೇ ಬೇಕೆಂದು ಕೇಳಿ. ಚಿಕಿತ್ಸೆಯ ಅಗತ್ಯಕ್ಕೆ ವೈದ್ಯರ ಮುಂದೆ ತೋರಿಸಲು ಶರೀಅತ್ ಅವಕಾಶ ಕೊಟ್ಟಿದೆ.

ಹೆಣ್ಣುಮಕ್ಕಳಿಗೆ 9ರಿಂದ 14 ವರ್ಷದೊಳಗೆ ಎಚ್‌ಪಿವಿ ಲಸಿಕೆ ಹಾಕಿಸುವುದು ಒಳ್ಳೆಯದು. ಎಚ್‌ಐವಿ ಇರುವ ಮಕ್ಕಳಿಗೆ ಒಂದು ಡೋಸ್ ಸಾಲದು. ಕನಿಷ್ಠ ಎರಡು, ಸಾಧ್ಯವಾದರೆ ಮೂರು ಬೇಕು.

ಯುನಾನಿ ಔಷಧ ತೆಗೆದುಕೊಳ್ಳುವವರಿಗೆ

ಈ ಭಾಗವನ್ನು ನನ್ನ ಹಕೀಮ್ ಮಿತ್ರರೂ ಓದಲಿ. ಬಿಳಿ ಮುಟ್ಟಿಗೆ, ಅಂದರೆ ಸಯಲಾನುರ್‌ರಹಿಮ್‌ಗೆ, ಮಾಜೂನ್ ಸುಪಾರಿ ಪಾಕ್ ಕೊಡುವುದು ರೂಢಿ. ಆದರೆ ದುರ್ವಾಸನೆಯ ಸ್ರಾವ, ಮುಟ್ಟಿನ ನಡುವೆ ರಕ್ತ, ಗಂಡನ ಜೊತೆ ಸೇರಿದ ಮೇಲೆ ರಕ್ತ, ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಇವುಗಳಲ್ಲಿ ಒಂದಿದ್ದರೂ ಮೊದಲು ಗರ್ಭಕಂಠ ತಪಾಸಣೆ ಆಗಬೇಕು, ಮಾಜೂನ್ ಆಮೇಲೆ. ತಪಾಸಣೆ ಇಲ್ಲದೆ ತಿಂಗಳಾನುಗಟ್ಟಲೆ ಮಾಜೂನ್ ಕೊಡುತ್ತ ಹೋದರೆ ಏಡಿಗೆ ಕಾಲು ಚಾಚಲು ಸಮಯ ಕೊಟ್ಟಂತೆ.

ಎ.ಆರ್.ಟಿ.ಯಲ್ಲಿ ಈಗ ಹೆಚ್ಚಿನವರಿಗೆ ಡೊಲುಟೆಗ್ರಾವಿರ್ ಇರುವ ಗುಳಿಗೆ ಸಿಗುತ್ತದೆ. ಕಬ್ಬಿಣ, ಸುಣ್ಣದ ಅಂಶ, ಸತು, ಮೆಗ್ನೀಸಿಯಂ ಇರುವ ಔಷಧಗಳು ಹೊಟ್ಟೆಯಲ್ಲಿ ಅದನ್ನು ಹಿಡಿದಿಟ್ಟು ರಕ್ತಕ್ಕೆ ಸೇರದಂತೆ ಮಾಡುತ್ತವೆ. ಕುಶ್ತಾ ಫೌಲಾದ್, ಖಬ್ಸುಲ್ ಹದೀದ್ ಇವುಗಳಲ್ಲಿ ಕಬ್ಬಿಣವಿದೆ. ಕುಶ್ತಾ ಸದಫ್, ಕುಶ್ತಾ ಮರ್ಜಾನ್ ಇವುಗಳಲ್ಲಿ ಸುಣ್ಣದ ಅಂಶವಿದೆ. ಆಸಿಡಿಟಿ ಗುಳಿಗೆಗಳದ್ದೂ ಇದೇ ಕಥೆ. ಎ.ಆರ್.ಟಿ. ಗುಳಿಗೆಯನ್ನು ಇವುಗಳಿಗಿಂತ 2 ಗಂಟೆ ಮೊದಲು ಅಥವಾ 6 ಗಂಟೆ ನಂತರ ನುಂಗಬೇಕು. ಏನೇ ತೆಗೆದುಕೊಂಡರೂ ಎ.ಆರ್.ಟಿ. ವೈದ್ಯರಿಗೆ ಹೇಳಿ. ಎಚ್‌ಐವಿ ಅಥವಾ ಕ್ಯಾನ್ಸರ್ ಅನ್ನು ಬೇರಿನಿಂದ ಕಿತ್ತುಹಾಕುತ್ತೇನೆ ಎನ್ನುವ ಜಾಹೀರಾತು ನಂಬಿ ಗುಳಿಗೆ ಬಿಡಬೇಡಿ. ಯುನಾನಿ ಔಷಧವು ಹಸಿವು, ಜೀರ್ಣ, ನಿದ್ದೆಗಳಿಗೆ ನೆರವಾಗಬಹುದು, ಎ.ಆರ್.ಟಿ.ಯ ಜಾಗದಲ್ಲಿ ಅದು ನಿಲ್ಲಲಾರದು.

ರಮಝಾನಿನಲ್ಲಿ ದಿನಕ್ಕೊಮ್ಮೆಯ ಗುಳಿಗೆಯನ್ನು ಇಫ್ತಾರ್ ನಂತರದ ಒಂದು ನಿಗದಿತ ಹೊತ್ತಿಗೆ ಬದಲಿಸಿಕೊಳ್ಳುವುದು ಸುಲಭ. ತಿಂಗಳು ಆರಂಭವಾಗುವ ಮೊದಲೇ ವೈದ್ಯರನ್ನು ಕೇಳಿ. ಕ್ಯಾನ್ಸರ್ ಚಿಕಿತ್ಸೆಯಲ್ಲಿ ಇರುವವರಿಗೆ ಉಪವಾಸದ ರಿಯಾಯಿತಿ ಇದೆ.

ಜಮಾಅತ್ ಏನು ಮಾಡಬಹುದು?

ಮಸೀದಿ ಕಮಿಟಿಗಳು ವರ್ಷಕ್ಕೊಮ್ಮೆ ಕಣ್ಣಿನ ಶಿಬಿರ, ಸಕ್ಕರೆ ಕಾಯಿಲೆ ಶಿಬಿರ ಮಾಡುತ್ತವೆ. ಅದರ ಜೊತೆಗೆ ಮಹಿಳೆಯರಿಗಾಗಿ ಗರ್ಭಕಂಠ, ಸ್ತನ ಮತ್ತು ಬಾಯಿಯ ತಪಾಸಣೆ ಸೇರಿಸಿ. ಊರಿನ ಎಲ್ಲ ಹೆಂಗಸರಿಗೂ ತಪಾಸಣೆ ಎಂದಾಗ ಎಚ್‌ಐವಿ ಇದ್ದವರೂ ಯಾರಿಗೂ ಗೊತ್ತಾಗದಂತೆ ಬಂದು ಹೋಗಬಹುದು. ಯಾರಿಗೆ ಎಚ್‌ಐವಿ ಇದೆ ಎಂದು ಕಮಿಟಿ ಕೇಳಬಾರದು, ಗೊತ್ತಿದ್ದರೂ ಹೇಳಬಾರದು. ಇನ್ನೊಬ್ಬರ ಗುಟ್ಟು ಮುಚ್ಚುವುದು ಇಸ್ಲಾಮಿನ ನಡವಳಿಕೆ. ಝಕಾತ್ ಪಡೆಯಲು ಅರ್ಹರಾದ ಬಡ ರೋಗಿಗಳಿಗೆ ಹುಬ್ಬಳ್ಳಿ, ಬೆಂಗಳೂರಿಗೆ ಹೋಗಿಬರುವ ಬಸ್ ಖರ್ಚು, ಜೊತೆಗೆ ಹೋಗುವವರ ಊಟದ ಖರ್ಚು ಒದಗಿಸಿದರೆ ಅರ್ಧ ಚಿಕಿತ್ಸೆ ಮಾಡಿದಂತೆಯೇ. ನಡುವೆ ಚಿಕಿತ್ಸೆ ಬಿಡುವವರಲ್ಲಿ ಅನೇಕರು ಇದೇ ಖರ್ಚಿಗೆ ಸೋತವರು.

ಒಂದೇ ತಟ್ಟೆಯಲ್ಲಿ ಊಟ, ಒಂದೇ ಹೌಝ್‌ನಲ್ಲಿ ವುಝೂ, ಒಂದೇ ಸಫ್‌ನಲ್ಲಿ ನಮಾಝ್ ಇವುಗಳಿಂದ ಎಚ್‌ಐವಿ ಹರಡುವುದಿಲ್ಲ, ಕ್ಯಾನ್ಸರ್ ಕೂಡ ಹರಡುವುದಿಲ್ಲ. ಇದನ್ನು ಇಮಾಮ್ ಸಾಹೇಬರು ಒಂದು ಜುಮಾ ದಿನ ಹೇಳಿದರೆ ಎಷ್ಟೋ ಮನೆಗಳ ಭಾರ ಇಳಿಯುತ್ತದೆ.

ನೆನಪಿಡಬೇಕಾದ ಅಂಶಗಳು

• ಎ.ಆರ್.ಟಿ. ಗುಳಿಗೆ ಒಂದು ದಿನವೂ ತಪ್ಪಬಾರದು.
• ಎಚ್‌ಐವಿ ಇದ್ದ ಹೆಣ್ಣುಮಕ್ಕಳು 25ರಿಂದ ಗರ್ಭಕಂಠ ತಪಾಸಣೆ ಮಾಡಿಸಬೇಕು.
• ಎರಡು ವಾರದಲ್ಲಿ ಮಾಯದ ಬಾಯಿಹುಣ್ಣು, ಬೆಳೆಯುತ್ತಿರುವ ಗಂಟು, ಅಕಾಲದ ರಕ್ತಸ್ರಾವ, ಕಾರಣವಿಲ್ಲದ ತೂಕ ಇಳಿತ: ತಡಮಾಡದೆ ತೋರಿಸಿ.
• ಟಿಬಿ ಔಷಧಕ್ಕೆ ಗಂಟು ಇಳಿಯದಿದ್ದರೆ ಬಯಾಪ್ಸಿ ಮಾಡಿಸಬೇಕೇ ಎಂದು ಕೇಳಿ.
• ಕ್ಯಾನ್ಸರ್ ವೈದ್ಯರಿಗೆ ಎಚ್‌ಐವಿ ವಿಷಯ ಹೇಳಿ. ಔಷಧ ಆರಿಸಲು ಅದು ಬೇಕು, ಗುಟ್ಟು ಕಾಯುವುದು ಅವರ ಕಾನೂನುಬದ್ಧ ಹೊಣೆ.
• ಗುಟ್ಕಾ, ಮಾವಾ, ಬೀಡಿ ಬಿಡಿ.
• ಎಚ್‌ಐವಿ ಕುರಿತ ಯಾವುದೇ ಸಂದೇಹಕ್ಕೆ 1097 ಉಚಿತ ಸಹಾಯವಾಣಿ ಇದೆ.

ಎರಡು ದಶಕಗಳ ಹಿಂದೆ ಬಾಗಲಕೋಟೆಯ ಜನ ರಕ್ತ ಕೊಟ್ಟು ಒಂದು ಲೆಕ್ಕಕ್ಕೆ ನೆರವಾದರು. ಆ ಲೆಕ್ಕದಿಂದ ನಮ್ಮ ಹಳ್ಳಿಗಳ ಸೋಂಕು ಎಲ್ಲರ ಕಣ್ಣಿಗೆ ಬಿತ್ತು. ಆ ಸೋಂಕಿನಿಂದ ಬದುಕಿ ಉಳಿದವರನ್ನು ಈಗ ಕ್ಯಾನ್ಸರ್‌ಗೆ ಬಿಟ್ಟುಕೊಡಬಾರದು. ಅದಕ್ಕೆ ಬೇಕಾದ ಎರಡನೇ ಲೆಕ್ಕ, ಒಬ್ಬ ಹೆಣ್ಣುಮಗಳು ತಪಾಸಣೆಗೆ ಹೋಗಿ, ತನ್ನ ಚೀಟಿಯನ್ನು ಜೋಪಾನವಾಗಿ ಇಟ್ಟುಕೊಳ್ಳುವುದರಿಂದ ಆರಂಭವಾಗುತ್ತದೆ.